ತಲೆಯಳತೆ

ಶಾರ್ಜಾದ ರೋಲಾದಲ್ಲಿ, ಜೂನ್ ತಿಂಗಳಲ್ಲಿ
ಉಣ್ಣೆ ಕೇಳಿದರೆ ಅಂಗಡಿಯವ ಮೊದಲು ನನ್ನ ಮುಖ ನೋಡಿದ,
ಆಮೇಲೆ ಬಾಗಿಲಾಚೆಯ ಬಿಸಿಲು.
ಏಣಿ ಹತ್ತಿ, ಅಟ್ಟದ ಚೀಲ ಕೊಡವಿ
ಮೂರು ಉಂಡೆ ಇಳಿಸಿದ: ಬೂದಿ ಬಣ್ಣದವು ಎರಡು,
ಸುಟ್ಟ ಇಟ್ಟಿಗೆಯದು ಒಂದು.
"ಊರಿಗಾ?"
"ಇಲ್ಲ, ಇಲ್ಲಿಗೇ" ಅಂದೆ. ಐದು ದಿರ್ಹಮ್ ಬಿಟ್ಟ,
ಕನಿಕರಕ್ಕೋ ಏನೋ.

ಚಳಿಗಾಲ ಇಲ್ಲಿ ಒಂದು ಕೋಣೆ.
ಗೇಣು ದಪ್ಪದ ಬಾಗಿಲು, ಅದಕ್ಕೆ ರಬ್ಬರಿನ ತುಟಿ,
ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಅಲ್ಲಿ ನನ್ನವ, ಗಂಗೊಳ್ಳಿಯ ಶೀನ ಖಾರ್ವಿ,
ಕಲ್ಲಾದ ಅಂಜಲ್ ಎಣಿಸುತ್ತಾನೆ, ಪೆಟ್ಟಿಗೆಗೆ ಹನ್ನೆರಡು.
ಬಲೆಯಿಂದ ಬಿಡಿಸುವಾಗ ಒದ್ದಾಡುತ್ತಿದ್ದ ಮೀನು
ಈಗ ಮೇಜಿಗೆ ಬಡಿದರೆ ಠಣ್ ಅನ್ನುತ್ತದಂತೆ.
ಕಂಪನಿಯ ಕೋಟಿದೆ, ಬೂಟಿದೆ, ಕೈಗವಸಿದೆ.
ಟೋಪಿ ಮಾತ್ರ ಚಹಾ ಸೋಸುವ ಬಟ್ಟೆ.
"ಕಿವಿ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳಬೇಕು" ಅಂತಾನೆ.

ಅಳತೆ ತೆಗೆದದ್ದು ಅವನು ಮಲಗಿದಾಗ.
ಪಾರ್ಟಿಷನ್ನಿನಾಚೆ ಇನ್ನೊಂದು ಸಂಸಾರದ ಟಿವಿ.
ಬೂದು ದಾರ ಹಣೆಯ ಸುತ್ತ, ಕಿವಿಯ ಮೇಲಿಂದ,
ಹಿಂದೆ ಆ ಹಳೆಯ ಗಾಯದ ದಿಣ್ಣೆ ದಾಟಿ
(ದೋಣಿಯ ಕೊಕ್ಕೆ ಬಡಿದದ್ದು, ನನಗಿಂತ ಮೊದಲಿನದು)
ಒಂದು ಗಂಟು.
ಏಳು ವರ್ಷ ಒಂದೇ ದಿಂಬು,
ಈ ತಲೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ನಾನು ಶಾಲೆ ಬಸ್ಸಿನ ಆಯಾ.
ಮಕ್ಕಳನ್ನಿಳಿಸಿ, ಎರಡನೇ ಪಾಳಿಯ ತನಕ
ಖಾಲಿ ಸೀಟಿನ ಮೇಲೆ ಉಂಡೆ, ಬೆರಳಲ್ಲಿ ಕ್ರೋಶಾ ಕಡ್ಡಿ.
ನಡುನೆತ್ತಿಯಿಂದ ಶುರು: ಒಂದು ಕುಣಿಕೆ,
ಅದರೊಳಗೆ ಹನ್ನೆರಡು ಕಂಬ,
ಮುಂದಿನ ಸುತ್ತಿಗೆ ಇಪ್ಪತ್ತನಾಲ್ಕು, ಆಮೇಲೆ ಮೂವತ್ತಾರು.
ಮಗ್ಗಿ ಬಂದವಳಿಗೆ ಟೋಪಿ ಬರುತ್ತದೆ
ಅನ್ನುತ್ತಿದ್ದರು ಹೊಲಿಗೆ ಟೀಚರ್ ಸಂಜೀವಮ್ಮ.
ಒಂದೇ ಕಣ್ಣಲ್ಲಿ ಐದು ಕಂಬ ತುಂಬಿ ಬಿಗಿದರೆ
ಗುಬುಟು ಏಳುತ್ತದೆ, ಹಲಸಿನ ಮುಳ್ಳಿನ ಹಾಗೆ.
ಗುಬುಟಿನೊಳಗೆ ಗಾಳಿ ಕೂರುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ.

ಡ್ರೈವರ್ ಗುಲ್‌ಜಮಾನ್ ಕನ್ನಡಿಯಲ್ಲಿ ನೋಡಿ
"ನಮ್ಮ ಬೆಟ್ಟದಲ್ಲಿ ಇದಕ್ಕೆ ಕುರಿಯನ್ನೇ ಕೇಳುತ್ತೇವೆ, ಬೆಹೆನ್" ಅಂದ.
ಸ್ಟೇರಿಂಗ್ ಮುಟ್ಟಿದರೆ ಬೊಕ್ಕೆ ಏಳುವ ಮಧ್ಯಾಹ್ನ
ತನ್ನ ತಲೆ ಕೊಟ್ಟ, ಹಾಕಿ ನೋಡಲಿಕ್ಕೆ.
ಬೆವರು ಹುಬ್ಬು ದಾಟಿತು. ಕಿತ್ತು ಕೈಗಿಟ್ಟು,
"ಗಟ್ಟಿಯಿದೆ" ಎಂದಷ್ಟೇ ಹೇಳಿ ನೀರು ಕುಡಿದ.

ಹದಿನೇಳು ಸುತ್ತು. ಮುಗಿಯಿತೆಂದುಕೊಂಡೆ.
ಹೆಲ್ಮೆಟ್ ಮರೆತಿದ್ದೆ.
ಗುಬುಟಿನ ಮೇಲೆ ಅದು ಬುಗುರಿಯಂತೆ ತಿರುಗಿ
ಮೀನಿನ ಪೆಟ್ಟಿಗೆಗೆ ಬಿತ್ತಂತೆ, ಎಲ್ಲರೂ ನಕ್ಕರಂತೆ.
ಬಿಚ್ಚಿದೆ. ಬಿಚ್ಚಲಿಕ್ಕೆ ಎಷ್ಟು ಹೊತ್ತು?
ಎರಡು ಕೆಂಪು ಸಿಗ್ನಲ್.
ದಾರ ಮಾತ್ರ ಸುರುಳಿ ಸುರುಳಿ, ಸಿಟ್ಟು ಬಿಡದ ನಾದಿನಿಯಂತೆ.
ಈ ಸಲ ನೆತ್ತಿ ಚಪ್ಪಟೆ, ನುಣುಪು;
ಗುಬುಟೆಲ್ಲ ಕೆಳಗೆ, ಕಿವಿಗೆ, ಕತ್ತಿನ ಕುಳಿಗೆ,
ಹೆಲ್ಮೆಟ್ಟಿನ ಅಧಿಕಾರ ಮುಗಿಯುವಲ್ಲಿಂದ.

ಗುಬುಟಿನ ತುದಿಗೆ ಕಟ್ಟಿದ ಹಿಮ
ಗೋದಾಮಿನ ಗೇಟಿನಿಂದ ವ್ಯಾನಿನ ತನಕ, ನೂರು ಹೆಜ್ಜೆಗೆ, ಕರಗಿ
ಮನೆಗೆ ಬರುವಾಗ ಟೋಪಿ ಒದ್ದೆ, ಮೀನಿನ ವಾಸನೆ.
ಬಾಲ್ಕನಿಯಲ್ಲಿ ಹಾಕಿದರೆ ಚಹಾ ಕುದಿಯುವ ಮೊದಲೇ ಒಣಗಿರುತ್ತದೆ.
ಈ ಬಿಸಿಲಿಗೆ ಅಷ್ಟಾದರೂ ಕೆಲಸ ಇರಲಿ.

ಹೋದ ಗುರುವಾರ ಊಟದ ಡಬ್ಬಿಯೊಳಗೆ
ಆರು ತುಂಡು ಪ್ಯಾಕಿಂಗ್ ಹುರಿ,
ಒಂದೊಂದಕ್ಕೂ ಒಂದು ಗಂಟು, ಒಂದು ಚೀಟಿ.
ತಲೆಗಳು.
ಮೊಯ್ದೀನ್‌ಕುಞಿಯದು ನನ್ನವನದಕ್ಕಿಂತ ದೊಡ್ಡದು.
ದೆಸ್ತಾ ಎಂಬವ ಬಣ್ಣವನ್ನೂ ಬರೆದಿದ್ದಾನೆ: ಹಸಿರು.
ಆರನೆಯದಕ್ಕೆ ಹೆಸರಿರಲಿಲ್ಲ. ಎರಡು ಗೇಣು, ಮೂರು ಬೆರಳು.
ನಮ್ಮ ಬಸ್ಸಿನ ಹಿಂದಿನ ಸೀಟಿನ ಹುಡುಗರ ತಲೆ.
"ಇವನಿಗೆ ವಯಸ್ಸೆಷ್ಟು?"
ಟವೆಲ್ ಹುಡುಕುತ್ತಾ ಶೀನ,
"ಪಾಸ್‌ಪೋರ್ಟಿನಲ್ಲಿ ಇಪ್ಪತ್ತೆರಡು" ಅಂದ.

ಅವನದನ್ನೇ ಮೊದಲು ಹಿಡಿದಿದ್ದೇನೆ.
ಅಂಚಿನ ಕೊನೆಯ ಸುತ್ತು ಬಿಗಿಯುವುದಿಲ್ಲ.
ಎರಡು ಬೆರಳು ಸಡಿಲ ಬಿಟ್ಟು, ದಾರ ಕತ್ತರಿಸದೆ,
ಒಳಮಗ್ಗುಲಿಗೆ ಸಣ್ಣ ಉಂಡೆ ಸುತ್ತಿ ಸಿಕ್ಕಿಸುತ್ತೇನೆ,
ಬೆಳೆದರೆ ಬೇಕಾಗುತ್ತದೆ.